ಸಮುದ್ರ ತಿಂದ ಊರಿನ ಇಬ್ಬರು ಸದಸ್ಯರು

ನಾನು ಸಂಶೋಧನೆಗೆ ಆರಿಸಿಕೊಂಡದ್ದು ಈಗ ಇಲ್ಲದ ಒಂದು ಮತಕ್ಷೇತ್ರ. ಇಂಗ್ಲೆಂಡಿನ ಪೂರ್ವ ತೀರದಲ್ಲಿ ಒಂದು ಕಾಲಕ್ಕೆ ದೊಡ್ಡ ಬಂದರಾಗಿದ್ದ ಊರು ಅದು. ಬಿರುಗಾಳಿಗಳು ಬಂದರಿನ ಬಾಯಿಗೆ ಜಲ್ಲಿಕಲ್ಲು ತಂದು ತುಂಬಿದವು. ಆಮೇಲೆ ಸಮುದ್ರ ದಂಡೆಯನ್ನು ಕೊರೆಯುತ್ತಾ ಬೀದಿಗಳನ್ನೂ ಚರ್ಚುಗಳನ್ನೂ ಒಂದೊಂದಾಗಿ ಎಳೆದುಕೊಂಡಿತು. ಊರು ಕರಗಿ ಸಣ್ಣ ಹಳ್ಳಿಯಾದ ಮೇಲೂ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳಿಸುತ್ತಲೇ ಇತ್ತು. ಹೊಸದಾಗಿ ಬೆಳೆದ ದೊಡ್ಡ ಕೈಗಾರಿಕಾ ನಗರಗಳಿಗೆ ಒಬ್ಬನೂ ಇರಲಿಲ್ಲ. ೧೮೩೨ರ ಸುಧಾರಣಾ ಕಾಯ್ದೆ ಇಂಥ ಹಲವು ಕ್ಷೇತ್ರಗಳ ಜೊತೆ ಇದನ್ನೂ ತೆಗೆದುಹಾಕಿತು.

ಯಾರಾದರೂ ಕೇಳಿದರೆ ಇಷ್ಟನ್ನು ಹೇಳಿ ನಿಲ್ಲಿಸುತ್ತಿದ್ದೆ. ಸಿಯಾಟಲ್ ಸುತ್ತಲಿನ ಕನ್ನಡದವರು ಹೆಸರು ಕೇಳಿದ ಮೇಲೆ ಕೇಳುವುದು ಯಾವ ಕಂಪನಿ ಎಂದು. ಕಂಪನಿ ಅಲ್ಲ, ಯೂನಿವರ್ಸಿಟಿ, ಇತಿಹಾಸ ಎಂದರೆ ಮಾತು ಹವಾಮಾನಕ್ಕೆ ಹೊರಳುತ್ತಿತ್ತು. "ಇಂಗ್ಲೆಂಡ್ ಹಿಸ್ಟ್ರಿ ಓದೋಕೆ ಅಮೆರಿಕಾಗೆ ಬಂದ್ರಾ?" ಎಂದು ಒಬ್ಬರು ನಿಜವಾದ ಆಶ್ಚರ್ಯದಿಂದ ಕೇಳಿದ್ದರು. ಆ ಊರಿನ ಕಥೆಯನ್ನು ಪೂರ್ತಿ ಕೇಳಿಸಿಕೊಂಡವರು ನಾನು ಬಾಡಿಗೆಗಿದ್ದ ಮನೆಯವರು ಮಾತ್ರ.

ಆ ಮನೆ ಸಿಯಾಟಲ್‌ಗೆ ಉತ್ತರದ ಸಣ್ಣ ಊರು ಮುಕಿಲ್ಟಿಯೊದಲ್ಲಿ, ಫೆರ್ರಿ ದೋಣಿಯ ಕಟ್ಟೆಗೆ ಇಳಿಯುವ ರಸ್ತೆಗಿಂತ ಸ್ವಲ್ಪ ಮೇಲೆ ಇತ್ತು. ಯೂನಿವರ್ಸಿಟಿಗೆ ದೂರ, ಬಸ್ಸು ಬದಲಿಸಿ ಹೋಗಬೇಕು. ಆದರೂ ಥೀಸಿಸ್ ಬರೆಯುವ ವರ್ಷಗಳಲ್ಲಿ ಕ್ಯಾಂಪಸ್ಸಿನ ಹತ್ತಿರ ಇರುವುದು ನನಗೆ ಬೇಡವಾಗಿತ್ತು. ಕಾರಣ ಇಲ್ಲಿಗೆ ಸಂಬಂಧಪಟ್ಟದ್ದಲ್ಲ. ಮೇಲಿನ ಅಂತಸ್ತಿನಲ್ಲಿ ಅಂಕಲ್ ಮತ್ತು ಆಂಟಿ, ಕೆಳಗಿನ ಕೋಣೆಯಲ್ಲಿ ನಾನು. ಅಂಕಲ್ ಮೈಸೂರಿನವರು. ಓದಲು ಬಂದು, ವಿಮಾನ ಕಾರ್ಖಾನೆಯಲ್ಲಿ ರೆಕ್ಕೆಗಳ ಲೆಕ್ಕಾಚಾರ ಮಾಡುತ್ತಾ ನಿವೃತ್ತರಾದವರು. ಆಂಟಿ ಧಾರವಾಡದವರು; ಇಷ್ಟು ವರ್ಷ ಮೈಸೂರಿನವರ ಜೊತೆ ಬಾಳಿದರೂ ಅವರ ಮಾತು ಧಾರವಾಡ ಬಿಟ್ಟು ಕದಲಿರಲಿಲ್ಲ. ಮಕ್ಕಳಿರಲಿಲ್ಲ.

ನಾನು ಹೋಗುವ ಹೊತ್ತಿಗೆ ಆಂಟಿಗೆ ಮರೆವು ಶುರುವಾಗಿತ್ತು. ಮೊದಲ ವಾರಗಳಲ್ಲಿ ನನಗೆ ತಿಳಿಯಲಿಲ್ಲ. ಚಹಾಕ್ಕೆ ಉಪ್ಪು ಬಿದ್ದಾಗ ಕೈತಪ್ಪು ಅಂದುಕೊಂಡೆ. ಹಾಲಿನ ಕ್ಯಾನು ಫ್ರಿಜ್ಜಿನ ಬದಲು ಪುಸ್ತಕದ ಕಪಾಟಿನಲ್ಲಿ ಕಂಡ ದಿನ ಅಂಕಲ್ ಅದನ್ನು ತೆಗೆದುಕೊಂಡು ಏನೂ ಆಗದವರಂತೆ ಅಡುಗೆಮನೆಗೆ ಹೋದರು. ಗೆಳತಿಯರು ಫೋನು ಮಾಡಿದರೆ ಆಂಟಿ "ಹೂಂ, ಹೌದs?" ಎಂದಷ್ಟೇ ಅನ್ನುತ್ತಾ, ಯಾರ ಜೊತೆ ಮಾತಾಡುತ್ತಿದ್ದೇನೆ ಎಂದು ಕಣ್ಣಿನಲ್ಲೇ ಗಂಡನನ್ನು ಕೇಳುತ್ತಿದ್ದರು. ಮೆಲ್ಲಗೆ ಫೋನುಗಳೂ ಕಡಿಮೆಯಾದವು. ಡಾಕ್ಟರು ಕಾಯಿಲೆಯ ಹೆಸರು ಹೇಳಿಯಾಗಿತ್ತು. ಅಂಕಲ್ ಅದನ್ನು ನನಗೆ ಇಂಗ್ಲಿಷಿನಲ್ಲಿ ಒಮ್ಮೆ ಹೇಳಿದರು, ಮತ್ತೆ ಯಾವತ್ತೂ ಹೇಳಲಿಲ್ಲ.

ವರ್ಷದಲ್ಲಿ ಒಂದು ದಿನ ಮಾತ್ರ ಬೇರೆಯಾಗಿರುತ್ತಿತ್ತು. ಕನ್ನಡ ಸಂಘ ಹುಟ್ಟಿದ್ದು ಇಲ್ಲಿನ ಕನ್ನಡದವರೆಲ್ಲ ಒಂದೇ ಹಜಾರದಲ್ಲಿ ಕೂರಬಹುದಾಗಿದ್ದ ಕಾಲದಲ್ಲಿ. ಹೆಚ್ಚಿನವರು ಕಾರ್ಖಾನೆಯ ಎಂಜಿನಿಯರುಗಳು, ಕೆಲವರು ಯೂನಿವರ್ಸಿಟಿಯವರು. ಆಗ ಬರೆದ ನಿಯಮದ ಪ್ರಕಾರ ಒಂದೊಂದು ಪ್ರದೇಶಕ್ಕೆ ಸಮಿತಿಯಲ್ಲಿ ಒಬ್ಬ ಪ್ರತಿನಿಧಿ. ಮುಕಿಲ್ಟಿಯೊ ಮೊದಲ ಪ್ರದೇಶ. ಯುಗಾದಿಯಾದ ಮೇಲಿನ ಭಾನುವಾರ ಹೊಸ ಸಮಿತಿಯ ಮೊದಲ ಸಭೆ ಮುಕಿಲ್ಟಿಯೊ ಪ್ರತಿನಿಧಿಯ ಮನೆಯಲ್ಲಿ ನಡೆಯಬೇಕು, ಊಟ ಆ ಮನೆಯದು ಎಂದೂ ಬರೆದಿದ್ದರು. ಬರುಬರುತ್ತಾ ಆ ಎಂಜಿನಿಯರುಗಳು ನಿವೃತ್ತರಾಗಿ ಅರಿಜೋನದ ಬಿಸಿಲಿಗೆ, ಮಕ್ಕಳಿದ್ದ ಊರುಗಳಿಗೆ ಹೊರಟುಹೋದರು, ಕೆಲವರು ತೀರಿಕೊಂಡರು. ಹೊಸಬರು ಸಾಫ್ಟ್‌ವೇರಿನವರು. ಅವರು ಮನೆ ಮಾಡಿದ್ದು ಬಾಥೆಲ್, ವುಡಿನ್‌ವಿಲ್, ಇನ್ನೂ ದಕ್ಷಿಣಕ್ಕೆ. ಮುಕಿಲ್ಟಿಯೊ ಪ್ರದೇಶದಲ್ಲಿ ಸಂಘದ ಸದಸ್ಯರಾಗಿ ಉಳಿದವರು ಅಂಕಲ್, ಆಂಟಿ; ನಾನು ಬಂದ ಮೇಲೆ ನಾನು. ಪ್ರತಿನಿಧಿಯ ಚುನಾವಣೆ ಅಡುಗೆಮನೆಯಲ್ಲಿ ನಡೆಯುತ್ತಿತ್ತು.

ನಾನು ನೋಡಿದ ಮೊದಲ ಚುನಾವಣೆಯಲ್ಲಿ ಅಂಕಲ್ ಕಾಫಿ ಲೋಟ ಹಿಡಿದು ಎದ್ದು ನಿಂತು, "ನಾನು ನಿಂತಿದೀನಿ. ಯಾರಾದ್ರೂ ಸೂಚಿಸ್ಬೇಕು" ಎಂದರು.

"ನಾನs ನಿಂತ್ರ?" ಎಂದರು ಆಂಟಿ.

"ನಿಂತ್ಕೋ. ವೋಟ್ ಯಾರು ಹಾಕ್ತಾರೆ?"

ಆಂಟಿ ನನ್ನ ಕಡೆ ತಿರುಗಿದರು. "ನೀ ಯಾರಿಗೆ ಹಾಕ್ತೀ ಹೇಳು. ಉಪ್ಪಿಟ್ಟು ಯಾರು ಮಾಡಿ ಹಾಕ್ಲಿಕ್ಕತ್ತಾರ, ಅದನ್ನೂ ನೆನಪ ಇಟ್ಕೊಂಡು ಹೇಳು."

ನಾನು ಆಂಟಿಗೆ ಹಾಕಿದೆ, ಅಂಕಲ್ ತಮಗೇ ಹಾಕಿಕೊಂಡರು. ಆಂಟಿ ತಮ್ಮ ವೋಟನ್ನು ಗಂಡನಿಗೆ ಹಾಕಿ ನನ್ನನ್ನು ಸೋಲಿಸಿದರು.

ಆ ವರ್ಷದ ಯುಗಾದಿಯ ಭಾನುವಾರ ನಾನು ಕಂಡ ಆಂಟಿ ನಿತ್ಯದವರಲ್ಲ. ಬೆಳಿಗ್ಗೆ ಬೇಳೆ ಬೇಯಿಸಲು ಇಟ್ಟಲ್ಲಿಂದ ಅವರ ಕೈಗಳು ಯಾರನ್ನೂ ಏನನ್ನೂ ಕೇಳಲಿಲ್ಲ. ಕಣಕ ನಾದಿದವು, ಹೂರಣ ರುಬ್ಬಿದವು, ಕಟ್ಟಿನ ಸಾರಿಗೆ ಒಗ್ಗರಣೆ ಕೊಟ್ಟವು. ಜನ ಬಂದ ಮೇಲೆ ಮಾತೂ ಮರಳಿ ಬಂತು. ಹೆಸರುಗಳು ತಪ್ಪುತ್ತಿದ್ದವು, ಆದರೆ ಬಡಿಸುವವರಿಗೆ ಹೆಸರು ಬೇಕಾಗುವುದಿಲ್ಲ. "ಏ ಉದ್ದನ್ನ ಹುಡುಗಾ, ಇನ್ನೊಂದು ಹಾಕ್ಕೋ, ಗಾಳಿಗೆ ಹಾರಿ ಹೋದೀ." "ಅಕ್ಕಾ, ನೀವು ಡಯಟ್ ಅಂತ ಹೇಳ್ಬ್ಯಾಡ್ರಿ, ನಮ್ಮ ಮನ್ಯಾಗ ಆ ಮಾತು ನಡ್ಯಂಗಿಲ್ಲ." ಊಟ ಮುಗಿಯದೆ ಸಭೆ ಶುರುವಾಗಬಾರದು ಎಂಬುದು ಅವರ ಕಾನೂನು. ಒಬ್ಬರು ಲ್ಯಾಪ್‌ಟಾಪ್ ತೆರೆಯಲು ಹೋದಾಗ ಸೌಟಿನಿಂದಲೇ ಅದನ್ನು ಮುಚ್ಚಿದರು. ಎಲ್ಲರೂ ನಕ್ಕರು. ಬಂದವರಿಗೆ ಅವರಲ್ಲಿ ಯಾವ ಕುಂದೂ ಕಾಣಲಿಲ್ಲ. ನಾನು ಬಾಗಿಲ ಬಳಿ ತಟ್ಟೆ ಹಿಡಿದು ನಿಂತಿದ್ದೆ. ಅಂಕಲ್ ಊಟ ಮಾಡುತ್ತಿರಲಿಲ್ಲ, ಹೆಂಡತಿಯನ್ನು ನೋಡುತ್ತಿದ್ದರು.

ಮರುದಿನದಿಂದ ಮತ್ತೆ ಮೊದಲಿನಂತೆ. ಆದರೆ ಆ ಊಟ ಮುಂದಿದೆ ಎಂಬುದೇ ಅಂಕಲ್‌ಗೆ ವರ್ಷ ಕಳೆಯುವ ದಾರಿಯಾಗಿತ್ತು. ಚಳಿಗಾಲದಲ್ಲಿ ಆಂಟಿ ದಿನವಿಡೀ ಕಿಟಕಿಯ ಹತ್ತಿರ ಮಾತಿಲ್ಲದೆ ಕೂತಾಗ, "ಯುಗಾದಿಗೆ ಜನ ಬರ್ತಾರೆ, ಬೇಳೆ ತರ್ಬೇಕು" ಎನ್ನುತ್ತಿದ್ದರು. ಆಂಟಿ ತಿರುಗಿ ನೋಡುತ್ತಿದ್ದರು.

ಅದರ ಮುಂದಿನ ವರ್ಷ ಯುಗಾದಿಯ ಊಟ ಮುಗಿದ ಕೆಲವು ತಿಂಗಳಿಗೆ ಸಂಘದಿಂದ ಇಮೇಲ್ ಬಂತು. ಪ್ರದೇಶಗಳನ್ನು ಹೊಸದಾಗಿ ವಿಂಗಡಿಸುವ ಪ್ರಸ್ತಾಪ. ಮುಕಿಲ್ಟಿಯೊ ಪ್ರತ್ಯೇಕ ಪ್ರದೇಶವಾಗಿ ಇರುವುದಿಲ್ಲ, ಬಾಥೆಲ್ ಜೊತೆ ಸೇರುತ್ತದೆ. ಬಾಥೆಲ್‌ಗೆ ಹೆಚ್ಚು ಪ್ರತಿನಿಧಿಗಳು. ಮೊದಲ ಸಭೆ ಎಲ್ಲಿ ಎಂಬುದನ್ನು ಇನ್ನು ಅಧ್ಯಕ್ಷರು ತೀರ್ಮಾನಿಸುತ್ತಾರೆ. ಓದಿದ ಕೂಡಲೇ ನನಗೆ ತಿಳಿಯಿತು, ನ್ಯಾಯ ಅವರ ಕಡೆಗಿದೆ. ಬಾಥೆಲ್‌ನ ನಾರ್ತ್ ಕ್ರೀಕ್ ಬಡಾವಣೆಯ ಒಂದೇ ಅಪಾರ್ಟ್‌ಮೆಂಟಿನಲ್ಲಿ ಇಡೀ ಮುಕಿಲ್ಟಿಯೊಗಿಂತ ಹೆಚ್ಚು ಕನ್ನಡದ ಮನೆಗಳಿದ್ದವು. ನಾನು ಬರೆಯುತ್ತಿದ್ದ ಥೀಸಿಸ್ಸಿನಲ್ಲಿ ಇದೇ ಮಾತನ್ನು ಸುಧಾರಣೆ ಕೇಳಿದವರ ಬಾಯಲ್ಲಿ ಹೇಳಿಸಿ, ಒಪ್ಪಿಕೊಂಡೂ ಆಗಿತ್ತು.

ಮಧ್ಯಾಹ್ನ ಅಂಕಲ್ ಕುರ್ಚಿ ಎಳೆದುಕೊಂಡು ನನ್ನ ಮೇಜಿನ ಪಕ್ಕ ಕೂತರು.

"ನಿನ್ನ ಆ ಊರಿನವರು ಸೀಟು ಹೋಗ್ಬಾರ್ದು ಅಂತ ಏನು ವಾದ ಮಾಡಿದ್ರಮ್ಮ?"

"ಹಳೇ ಹಕ್ಕು ಅಂದ್ರು ಅಂಕಲ್. ತಲೆ ಎಣಿಸೋದೇ ಪ್ರಾತಿನಿಧ್ಯ ಅಲ್ಲ ಅಂದ್ರು. ಸದಸ್ಯ ಅನ್ನೋನು ತನ್ನ ಊರಿಗಷ್ಟೇ ಅಲ್ಲ, ಇಡೀ ದೇಶಕ್ಕೆ ಅಂತ ಕೂತಿರ್ತಾನೆ ಅಂದ್ರು."

"ಚೆನ್ನಾಗಿದೆಯಲ್ಲ."

"ಸೋತ ವಾದ."

"ಸೋತಿದ್ದು ಗೊತ್ತು. ಚೆನ್ನಾಗಿದೆಯಾ ಇಲ್ವಾ?" ಎಂದು, ಉತ್ತರಕ್ಕೆ ಕಾಯದೆ, "ಅಲ್ಲಿ ಆರಿಸ್ತಿದ್ದೋರು ಯಾರು?" ಎಂದರು.

"ವೋಟ್ ಇದ್ದವರು ಬೆರಳೆಣಿಕೆಯಷ್ಟು ಜನ. ನಿಜವಾಗಿ ಆರಿಸ್ತಿದ್ದಿದ್ದು ಎರಡು ದೊಡ್ಡ ಮನೆತನ. ನಿಮಗೊಂದು ಸೀಟು, ನಮಗೊಂದು ಅಂತ ಹಂಚ್ಕೊಂಡಿದ್ರು."

ಆಂಟಿ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದರು. ಅವತ್ತು ಒಳ್ಳೆಯ ದಿನ. "ಇಲ್ಲೆ ಒಂದs ಮನಿ ಅದ. ಒಂದು ಸೀಟು ಇವರಿಗೆ. ನಂದೆಲ್ಲೆ ಅದ?"

"ನಿಂದು ಅಡುಗೆಮನೇಲಿ."

"ಅಲ್ಲೆ ನಿಂತು ನಿಂತು ಕಾಲು ಬಾತಾವ. ಅದಕ್ಕ ಸೀಟು ಅಂತೀರಿ?"

ಅಂಕಲ್ ಜೋರಾಗಿ ನಕ್ಕರು. ಆಂಟಿ ಮೇಲೆ ಹೋದ ಮೇಲೆ ದನಿ ತಗ್ಗಿಸಿ, "ಸೀಟು ಹೋದ ಮೇಲೆ ಆ ಊರು ಏನಾಯ್ತು?" ಎಂದು ಕೇಳಿದರು.

ಊರಿನ ಆಡಳಿತ ಮಂಡಳಿ ಮತ್ತೂ ಅರ್ಧ ಶತಮಾನ ಇತ್ತು ಎಂದೆ. ಆಳಲು ಹೆಚ್ಚೇನೂ ಇರಲಿಲ್ಲ, ಆದರೂ ಪದಾಧಿಕಾರಿಗಳು ಇದ್ದರು.

"ಹಾಗಾದ್ರೆ ಸೇರ್ತಿದ್ರು ಅನ್ನು."

"ಸೇರ್ತಿದ್ರು."

ಅದು ಅವರಿಗೆ ಸಮಾಧಾನ ಕೊಟ್ಟಿತು. ನಾನು ಆಗ ಕೇಳಬೇಕೆಂದಿದ್ದನ್ನು ಕೇಳಿದೆ. ಆಂಟಿಯ ಸ್ಥಿತಿಯನ್ನು ಸಂಘದ ಅಧ್ಯಕ್ಷೆಗೆ ಹೇಳಿದರೆ ಆಗದೇ? ಅವರು ಒಳ್ಳೆಯ ಹೆಂಗಸು. ಸೀಟು ಇಲ್ಲದಿದ್ದರೂ ಬರುತ್ತಾರೆ.

"ಬರ್ತಾರೆ. ಗೊತ್ತು. ಆದ್ರೆ ಊಟಕ್ಕೆ ಬರೋದು ಬೇರೆ, ನೋಡೋಕೆ ಬರೋದು ಬೇರೆ. ಕೈಲಿ ಹಣ್ಣು ಹಿಡ್ಕೊಂಡು ಬಂದು, 'ಆಂಟಿ, ನಾನ್ಯಾರು ಹೇಳಿ ನೋಡೋಣ' ಅಂತಾರೆ. ಅವಳು ಆ ಕ್ಷಣಕ್ಕೇ ಪೇಶೆಂಟ್ ಆಗ್ತಾಳೆ. ಬಡಿಸೋವಾಗ ಅವಳನ್ನ ಯಾರೂ ಪರೀಕ್ಷೆ ಮಾಡಲ್ಲ." ಕುರ್ಚಿಯಿಂದ ಏಳುತ್ತಾ, "ನೀನೂ ಹೇಳ್ಬೇಡ" ಎಂದರು. ನಾನು ಹೇಳಲಿಲ್ಲ.

ಸಾಮಾನ್ಯ ಸಭೆ ಬಾಥೆಲ್‌ನ ಲೈಬ್ರರಿಯ ಕೋಣೆಯಲ್ಲಿ ನಡೆಯಿತು. ಆಂಟಿಯ ಜೊತೆ ಪಕ್ಕದ ಮನೆಯ ವೃದ್ಧೆಯನ್ನು ಕೂರಿಸಿ ನಾವಿಬ್ಬರೂ ಹೋದೆವು. ಅಂಕಲ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಅವರ ಸರದಿ ಬಂದಾಗ ಎದ್ದು, ಇಂಗ್ಲೆಂಡಿನಲ್ಲಿ ಒಂದು ಊರಿತ್ತು, ಸಮುದ್ರ ಅದನ್ನು ತಿಂದುಹಾಕಿತು, ಆದರೂ ಶತಮಾನಗಟ್ಟಲೆ ಅದರ ಸದಸ್ಯರು ಪಾರ್ಲಿಮೆಂಟಿನಲ್ಲಿ ಕೂತಿದ್ದರು ಎಂದು ಶುರು ಮಾಡಿದರು. ಹಕ್ಕು ಎನ್ನುವುದು ಬರೀ ತಲೆ ಎಣಿಕೆಯಲ್ಲ ಎಂದು ಮುಂದುವರಿಸುವುದರೊಳಗೆ ಹಿಂದಿನ ಸಾಲಿನ ಹುಡುಗರಲ್ಲಿ ಒಬ್ಬ, "ಅಂಕಲ್, ಅದಕ್ಕೇ ಅಲ್ವಾ ಅದನ್ನ ತೆಗೆದಿದ್ದು?" ಎಂದ.

ಕೋಣೆಯೆಲ್ಲ ನಕ್ಕಿತು. ಕುಹಕವೇನೂ ಇರಲಿಲ್ಲ. ಅಂಕಲ್ ಕೂಡ ನಕ್ಕು, "ಹೌದಪ್ಪ, ಅದಕ್ಕೇ" ಎಂದರು. ಹೇಳಬೇಕಾಗಿದ್ದ ಉಳಿದದ್ದನ್ನು ಹೇಳದೆ ಕೂತರು. ಪ್ರಸ್ತಾಪದ ವಿರುದ್ಧ ಎದ್ದದ್ದು ನಮ್ಮಿಬ್ಬರ ಕೈ. ಆಮೇಲೆ ಯೂನಿವರ್ಸಿಟಿಯ ಹಳೆಯ ಪ್ರೊಫೆಸರೊಬ್ಬರದು, ಯಾಕೆಂದು ಅವರಿಗೂ ಗೊತ್ತಿರಲಿಲ್ಲವೇನೋ.

ಮುಗಿದ ಮೇಲೆ ಅಧ್ಯಕ್ಷೆ ಓಡಿ ಬಂದರು. ನನಗಿಂತ ಕೆಲವೇ ವರ್ಷ ದೊಡ್ಡವರು. ಎರಡು ಮಕ್ಕಳು, ಟೀಮಿನ ಜವಾಬ್ದಾರಿ, ಇದರ ಮೇಲೆ ಸಂಘ. ಅಂಕಲ್ ಕೈ ಹಿಡಿದುಕೊಂಡು, "ಬೇಜಾರ್ ಮಾಡ್ಕೋಬೇಡಿ ಅಂಕಲ್. ಸೀಟ್ ಹೋದ್ರೆ ಏನು, ನಿಮ್ಮನ್ನ ನಾವು ಬಿಡ್ತೀವಾ? ರಾಜ್ಯೋತ್ಸವಕ್ಕೆ ಸ್ಟೇಜ್ ಮೇಲೆ ಕೂರಿಸಿ ದೊಡ್ಡ ಸನ್ಮಾನ ಮಾಡ್ತೀವಿ. ಆಂಟಿಗೂ ಇನ್ಮೇಲೆ ರೆಸ್ಟು. ಪಾಪ, ಅಷ್ಟು ಜನಕ್ಕೆ ಎಷ್ಟು ವರ್ಷ ಅಂತ ಒಬ್ರೇ ಮಾಡ್ತಾರೆ? ನಮಗೇ ಗಿಲ್ಟ್ ಆಗ್ತಿತ್ತು" ಎಂದರು.

"ಥ್ಯಾಂಕ್ಸ್ ಅಮ್ಮ" ಎಂದರು ಅಂಕಲ್.

ಸನ್ಮಾನ ಚೆನ್ನಾಗಿಯೇ ನಡೆಯಿತು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಸಂಘದ ಬೇರುಗಳ ಬಗ್ಗೆ ಭಾಷಣ. ಸ್ಥಾನ ಕಳೆದುಕೊಂಡ ಹಿರಿಯರಿಗೆ ನೋವಾಗಿದೆ, ಅದನ್ನು ಗೌರವದಿಂದ ತುಂಬಬೇಕು ಎಂದು ಅವರು ತಿಳಿದಿದ್ದರು. ಅವರ ಜಾಗದಲ್ಲಿ ನಮ್ಮಲ್ಲಿ ಯಾರಿದ್ದರೂ ಹಾಗೇ ತಿಳಿಯುತ್ತಿದ್ದರು. ಮನೆಗೆ ಬಂದಾಗ, ಪಕ್ಕದ ಮನೆಯವರ ಜೊತೆ ಉಳಿದಿದ್ದ ಆಂಟಿ ಸೆಲೊಫೇನ್ ಹಾಳೆ ಸುತ್ತಿದ ಹಣ್ಣಿನ ಬುಟ್ಟಿಯನ್ನು ನೋಡಿ ಗಾಬರಿಯಿಂದ ಕೇಳಿದರು: "ಯಾರಿಗೆ ಆರಾಮಿಲ್ಲ?"

"ಯಾರಿಗೂ ಏನೂ ಆಗಿಲ್ಲ" ಎಂದು ಅಂಕಲ್ ಪೇಟವನ್ನು ತೆಗೆದು ಕಪಾಟಿನ ಮೇಲೆ ಇಟ್ಟರು.

ಆ ಚಳಿಗಾಲ ನಾನು ಕೊನೆಯ ಅಧ್ಯಾಯ ಬರೆದೆ. ಕ್ಷೇತ್ರ ಅಳಿದ ಬಗೆಯನ್ನು ಬರೆಯುವುದು ಕಷ್ಟವಲ್ಲ. ಕಾಯ್ದೆ ಇದೆ, ಚರ್ಚೆಗಳಿವೆ, ಯಾರು ಏನೆಂದರು ಎಂಬುದೆಲ್ಲ ಅಚ್ಚಾಗಿದೆ. ಚುನಾವಣೆಯ ದಿನ ಹೊರಗಿನಿಂದ ಬಂದ ಮತದಾರರಿಗೆ ಊಟ ಹಾಕುತ್ತಿದ್ದವರ ಬಗ್ಗೆ ನನಗೆ ಏನೂ ಸಿಗಲಿಲ್ಲ. ಚುನಾವಣೆಯೇ ನಿಂತುಹೋದ ಮೇಲೆ ಅವರಲ್ಲಿ ಯಾರಿಗೆ ಏನಾಯಿತು ಎಂದು ನಾನು ಅದಕ್ಕೆ ಮುಂಚೆ ಹುಡುಕಿಯೂ ಇರಲಿಲ್ಲ. ಒಂದು ಅಡಿಟಿಪ್ಪಣಿ ಬರೆದು, ಆಧಾರವಿಲ್ಲವೆಂದು ತೆಗೆದುಹಾಕಿದೆ. ಮೇಲಿನ ಅಂತಸ್ತಿನಲ್ಲಿ ಆಂಟಿ ಕಿಟಕಿಯ ಹತ್ತಿರ ಕೂತಿರುತ್ತಿದ್ದರು. ಅಂಕಲ್ ಈಗ ಬೇಳೆಯ ಮಾತು ಎತ್ತುತ್ತಿರಲಿಲ್ಲ.

ಯುಗಾದಿ ಬಂತು. ಮೊದಲ ಸಭೆ ನಾರ್ತ್ ಕ್ರೀಕಿನಲ್ಲಿ ಅಧ್ಯಕ್ಷೆಯ ಮನೆಯಲ್ಲಿ. ಅಂಕಲ್, ಆಂಟಿ ಬರಲೇಬೇಕೆಂದು ಅವರೇ ಕಾಲ್ ಮಾಡಿ ಕರೆದರು. ಅಂಕಲ್ ಒಂದು ದಿನ ಯೋಚಿಸಿ ಒಪ್ಪಿಕೊಂಡರು. "ಜನ ಇರ್ತಾರೆ. ಊಟ ಇರತ್ತೆ. ನೋಡೋಣ" ಎಂದರು. ಆಂಟಿಗೆ ಇಳಕಲ್ ಸೀರೆ ಉಡಿಸಿದ್ದು ನಾನು. ಕಾರಿನಲ್ಲಿ ಅಂಕಲ್ ಪಕ್ಕದಲ್ಲಿ ಕೂತು ಅವರು ದಾರಿಯುದ್ದಕ್ಕೂ ಕೈಚೀಲದ ಜಿಪ್ಪನ್ನು ಎಳೆದು ಬಿಡುತ್ತಿದ್ದರು.

ಊಟ ಹೊರಗಿನಿಂದ ತರಿಸಿದ್ದು. ಅಡುಗೆಮನೆಯ ಕಟ್ಟೆಯ ಮೇಲೆ ಅಲ್ಯೂಮಿನಿಯಂ ಟ್ರೇಗಳ ಸಾಲು: ಬಿಸಿಬೇಳೆಭಾತು, ಕೋಸಂಬರಿ, ಹೋಳಿಗೆ, ಪಕ್ಕದಲ್ಲಿ ತುಪ್ಪದ ಡಬ್ಬಿ. ಬೇಕಾದವರು ಬೇಕಾದಷ್ಟು ಹಾಕಿಕೊಳ್ಳುವುದು. ಆಂಟಿ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತರು. ಜನರನ್ನು ನೋಡಿದರು, ಟ್ರೇಗಳನ್ನು ನೋಡಿದರು. ಕೈಚೀಲವನ್ನು ನನ್ನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಟ್ಟೆಯ ಆಚೆ ಬದಿಗೆ ಹೋಗಿ ಪ್ಲಾಸ್ಟಿಕ್ ಚಮಚ ಹಿಡಿದರು.

"ಸಾಲು ಹಿಡೀರಿ. ಕೈ ಹಾಕ್ಬ್ಯಾಡ್ರಿ, ನಾ ಹಾಕ್ತೀನಿ."

"ಅಯ್ಯೋ ಆಂಟಿ, ನೀವ್ಯಾಕೆ? ಕೂತ್ಕೊಳಿ, ಇವತ್ತು ನೀವು ಗೆಸ್ಟು" ಎಂದು ಅಧ್ಯಕ್ಷೆ ಮುಂದೆ ಬಂದರು.

"ಗೆಸ್ಟ್ ನೀವು. ತಾಟು ಹಿಡೀರಿ."

ಅಧ್ಯಕ್ಷೆ ನಗುತ್ತಾ ತಟ್ಟೆ ಹಿಡಿದರು. ಆ ಒಂದು ಗಂಟೆ ಆಂಟಿ ಎಲ್ಲರಿಗೂ ಬಡಿಸಿದರು, ಬೈದರು, ತೆಳ್ಳಗಿದ್ದವರನ್ನು ಎರಡನೆಯ ಸಲ ಕರೆದರು. ಅಂಕಲ್ ಗೋಡೆಗೆ ಒರಗಿ ನೋಡುತ್ತಿದ್ದರು. ಒಂದು ವರ್ಷದಿಂದ ಅವರ ಮುಖದಲ್ಲಿ ಕಾಣದಿದ್ದ ನಿರಾಳ ಕಂಡಿತು. ಬೇರೆಯವರ ಮನೆಯಾದರೇನು, ಇದು ಮುಗಿದುಹೋಗಿಲ್ಲ ಎಂದು ನನಗೂ ಅನ್ನಿಸಿತು.

ಸಭೆ ಮುಗಿದು ಜನ ಹೊರಟಾಗ ಆಂಟಿ ಮುಂಬಾಗಿಲಿಗೆ ಹೋಗಿ ನಿಂತರು. ಒಬ್ಬೊಬ್ಬರನ್ನೂ ಬೀಳ್ಕೊಟ್ಟರು. ಮಕ್ಕಳ ಕೆನ್ನೆ ಹಿಂಡಿದರು. ತಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದೇನೆ ಎಂದು ಅವರು ತಿಳಿದಿದ್ದಾರೆಂಬುದು ಅಧ್ಯಕ್ಷೆಗೆ ಆಗ ಹೊಳೆಯಿತು. ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಒಂದು ಹೆಜ್ಜೆ ಹಿಂದೆ ಸರಿದು ಬಾಗಿಲನ್ನು ಆಂಟಿಗೆ ಬಿಟ್ಟರು.

ಕೊನೆಗೆ ಅಂಕಲ್ ಕೋಟು ಹಾಕಿಕೊಂಡು, ಆಂಟಿಯ ಕೋಟನ್ನು ತೋಳಿನ ಮೇಲೆ ಹಿಡಿದು ಬಂದರು. ಆಂಟಿ ಅವರಿಗೂ ಕೈ ಮುಗಿದರು.

"ಹೋಗಿ ಬರ್ರಿ. ಒಬ್ರೇ ಬಂದೀರಲ್ಲ. ಮುಂದಿನ ಸಲ ನಿಮ್ಮ ಹೆಂಡತೀನ್ನೂ ಕರಕೊಂಡ ಬರ್ರಿ."

ಅಂಕಲ್ ಕೋಟನ್ನು ಇನ್ನೊಂದು ತೋಳಿಗೆ ಬದಲಾಯಿಸಿದರು. "ಆಗ್ಲಿ" ಎಂದರು. ಶೂ ಹಾಕಿಕೊಂಡು, ಹನಿಯುತ್ತಿದ್ದ ಮಳೆಯಲ್ಲಿ ಕಾರಿನವರೆಗೆ ಹೋಗಿ ಒಳಗೆ ಕೂತರು.

ಆಂಟಿ ಅಡುಗೆಮನೆಗೆ ವಾಪಸು ಬಂದು, ಬಿಸಾಡಬೇಕಾದ ಟ್ರೇಗಳನ್ನು ಒಂದೊಂದಾಗಿ ತೊಳೆಯತೊಡಗಿದರು. ಅಧ್ಯಕ್ಷೆ ಟವೆಲ್ ತಂದು ಅವರ ಪಕ್ಕ ನಿಂತು ಒರೆಸಿ ಜೋಡಿಸಿದರು. "ನನಗೆ ಗೊತ್ತೇ ಇರ್ಲಿಲ್ಲ" ಎಂದು ಮೆಲ್ಲಗೆ ನನಗೆ ಹೇಳಿದರು. ಅವರ ಕಣ್ಣು ತುಂಬಿತ್ತು. ನಾನು ಉಳಿದಿದ್ದ ಹೋಳಿಗೆಗಳನ್ನು ಒಂದು ತಟ್ಟೆಗೆ ಎತ್ತಿಟ್ಟೆ. ಹೊರಡೋಣ ಎಂದರೆ ಆಂಟಿ ಎಲ್ಲಿಗೆ ಎಂದು ಕೇಳುತ್ತಿದ್ದರು.

ಕಾಲಿಂಗ್ ಬೆಲ್ ಆಯಿತು. ಆಂಟಿ ಕೈ ಒರೆಸಿಕೊಂಡು ಹೋಗಿ ಬಾಗಿಲು ತೆಗೆದರು. ಅಂಕಲ್ ಮೆಟ್ಟಿಲ ಮೇಲೆ ನಿಂತಿದ್ದರು, ಕೂದಲು ಒದ್ದೆಯಾಗಿತ್ತು.

"ಬರ್ರಿ, ಬರ್ರಿ. ಇಷ್ಟ ತಡ ಮಾಡಿ ಬಂದ್ರ ಹ್ಯಾಂಗ? ಎಲ್ಲಾರ್ದೂ ಊಟ ಮುಗೀತು."

"ಬಸ್ ತಡ ಆಯ್ತು" ಎಂದರು ಅಂಕಲ್.

"ಹೋಳಗಿ ಅದ, ಕೂಡ್ರಿ." ತಟ್ಟೆ ಮುಂದಿಟ್ಟು, ಎದುರಿನ ಕುರ್ಚಿಯಲ್ಲಿ ಕೂತು, "ಎಲ್ಲಿಂದ ಬಂದ್ರಿ?" ಎಂದು ವಿಚಾರಿಸಿದರು.

"ಮುಕಿಲ್ಟಿಯೊ."

"ಅಲ್ಲೆ ನಮ್ಮ ಮಂದಿ ಇದಾರೇನು?"

"ಇದ್ರು" ಎಂದು ಅಂಕಲ್ ಹೋಳಿಗೆ ಮುರಿದರು. ಅವತ್ತಿಡೀ ಅವರು ಏನೂ ತಿಂದಿರಲಿಲ್ಲ. ಆಂಟಿ ತುಪ್ಪದ ಡಬ್ಬಿ ತಂದು ಹಾಕತೊಡಗಿದರು. ಸಾಕು ಅನ್ನುವವರೆಗೆ ಹಾಕುವುದು ಅವರ ರೀತಿ. ಅಂಕಲ್ ಸಾಕು ಅನ್ನಲಿಲ್ಲ.